ಮೊದಲಕ್ಷರಕ್ಕೆ ಸುತ್ತಿದ ಬಳ್ಳಿ

ನನಗೆ ಕೂತಲ್ಲಿ ಕೂರೋಕಾಗಲ್ಲ. ಅಂಥವಳು ಅರಸೀಕೆರೆಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಬೇರೆಯವರ ಪುಸ್ತಕಗಳನ್ನು ಇ-ಬುಕ್ ಮಾಡಿಕೊಡುವ ಕೆಲಸ ಹಿಡಿದಿದ್ದೇನೆ, ನೋಡಿ ನನ್ನ ಹಣೆಬರಹ! ಒಂದು ಸಾಲು ಸರಿ ಮಾಡೋದು, ಎದ್ದು ಅಡುಗೆಮನೆಗೆ ಹೋಗೋದು, ವಾಪಸ್ ಬಂದು ಅದೇ ಸಾಲನ್ನು ಕೆಡಿಸೋದು.

ಹೋದ ಬೇಸಿಗೆಯಲ್ಲಿ ನನಗೆ ಪ್ರೈಮರಿ ಸ್ಕೂಲಲ್ಲಿ ಪಾಠ ಹೇಳಿದ ಟೀಚರ್ ಫೋನ್ ಮಾಡಿದರು. ರಿಟೈರಾದ ಮೇಲೆ ಹಗರೆಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ತಮ್ಮ ನೆನಪುಗಳನ್ನು ಹನ್ನೊಂದು ಅಧ್ಯಾಯ ಬರೆದು, ಟೈಪ್ ಮಾಡಿಸಿಟ್ಟಿದ್ದರು.

"ಕಣ್ಣು ಹೋಗ್ತಾ ಇದೆ ಕಣೇ. ಡಾಕ್ಟರು ಇನ್ನು ಸರಿಹೋಗಲ್ಲ ಅಂದ್ರು. ಫೋನಲ್ಲಾದ್ರೆ ಅಕ್ಷರ ದೊಡ್ದು ಮಾಡ್ಕೋಬಹುದಂತಲ್ಲ? ನನ್ನ ಪುಸ್ತಕಾನ ನಾನೇ ಒಂದ್ಸಲ ಓದ್ಬೇಕು. ಬೇಗ ಮಾಡು," ಅಂದರು.

ಬೇಗ ಮಾಡಿದೆನಾ? ಎಲ್ಲಿ ಬಂತು! ಒಂದು ವಾರದ ಕೆಲಸ. ಆದರೆ ನನಗೆ ಶೋಕಿ ಹತ್ತಿತು. ಪ್ರತಿ ಅಧ್ಯಾಯದ ಮೊದಲಕ್ಷರ ಮೂರು ಸಾಲಿನಷ್ಟು ಎತ್ತರ ನಿಲ್ಲಬೇಕು, ಅದರ ಸುತ್ತ ಬೇಲೂರಿನ ದೇವಸ್ಥಾನದ ಗೋಡೆಯಲ್ಲಿರುವಂಥ ಬಳ್ಳಿ ಹಬ್ಬಬೇಕು. ಟೀಚರ್‌ಗೆ ಫೋನಲ್ಲಿ ಜಂಬ ಕೊಚ್ಚಿಕೊಂಡೆ.

"ಎಷ್ಟು ದೊಡ್ದಿರುತ್ತೆ ಆ ಅಕ್ಷರ?" ಅಂದರು.

"ತುಂಬಾ ದೊಡ್ದು ಟೀಚರ್!"

ಅದನ್ನೆಲ್ಲ ಸಿಎಸ್‌ಎಸ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಬರೀಬೇಕು. ಈ ಅಕ್ಷರ ಇಷ್ಟು ದೊಡ್ಡದಿರಲಿ, ಎಡಕ್ಕೆ ನಿಲ್ಲಲಿ, ಮಿಕ್ಕ ಸಾಲು ಪಕ್ಕದಲ್ಲಿ ಹರಿಯಲಿ ಅಂತ. ಇಂಗ್ಲಿಷ್ ಅಕ್ಷರ ಹೇಳಿದ ಮಾತು ಕೇಳುತ್ತೆ. ನಮ್ಮದು ಕೇಳಬೇಕಲ್ಲ! 'ಸ್ಕೂಲು' ಅಂತ ಶುರುವಾಗುವ ಕಡೆ ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಕೂತಿತು. ಜಾಗ ಬಿಟ್ಟರೆ ಬಳ್ಳಿ ಎರಡು ತುಂಡಾಯಿತು. ಒಂದು ಫೋನಲ್ಲಿ ಸರಿ ಬಂದದ್ದು ಇನ್ನೊಂದರಲ್ಲಿ ಸೊಟ್ಟ. ತಲೆ ಕೆಟ್ಟುಹೋಯಿತು.

ಈ ಮಧ್ಯೆ ಟೀಚರ್ ದಿನಾ ಫೋನ್. ಮೂರು ಅಧ್ಯಾಯ 'ನ' ಅಕ್ಷರದಿಂದಲೇ ಶುರುವಾಗ್ತವಂತೆ, ಬದಲಾಯಿಸಬೇಕಂತೆ. 'ನಮ್ಮ ಸ್ಕೂಲಿಗೆ ಬಾಗಿಲೇ ಇರಲಿಲ್ಲ' ಅನ್ನೋದು 'ಬಾಗಿಲೇ ಇರಲಿಲ್ಲ ನಮ್ಮ ಸ್ಕೂಲಿಗೆ' ಆಯಿತು. ಕೊನೆಗೆ ಹನ್ನೊಂದಕ್ಕೂ ಹನ್ನೊಂದು ಬೇರೆ ಬೇರೆ ಅಕ್ಷರ.

"ಇದೇನು ಟೀಚರ್, ಅಂತ್ಯಾಕ್ಷರಿ ಆಡ್ತಿದ್ದೀರಾ?" ಅಂತ ರೇಗಿಬಿಟ್ಟೆ.

"ಇರಲಿ ಬಿಡೇ, ನನ್ನ ಹಟ," ಅಂದರು.

ವಾರದ ಕೆಲಸ ಎರಡು ತಿಂಗಳಾಯಿತು. ಪುಸ್ತಕವನ್ನು ಕೈಯಾರೆ ಅವರ ಫೋನಿಗೆ ಹಾಕಿಕೊಡೋಣ ಅಂತ ಹೊರಟೆ. ಹಳೇಬೀಡಲ್ಲಿ ಬಸ್ಸು ಬದಲಾಯಿಸಬೇಕು. ಸುಮ್ಮನೆ ನಿಲ್ಲಬಾರದೇ? ಕಲ್ಲು ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆಗೆದು, ಬಳ್ಳಿಯ ಒಂದು ಕುಡಿ ತಿದ್ದುತ್ತಾ ಕೂತೆ. ಹಗರೆ ಬಸ್ಸು ಕಣ್ಣೆದುರೇ ಹೋಯಿತು.

ಮಧ್ಯಾಹ್ನ ತಲುಪಿದಾಗ ಟೀಚರ್ ಜಗಲಿಯಲ್ಲಿ ಕಾಯುತ್ತಿದ್ದರು. ಅವರ ಫೋನಿಗೆ ಪುಸ್ತಕ ಹಾಕಿ ಕೈಗಿತ್ತೆ. ಕಣ್ಣಿಗೆ ತೀರಾ ಹತ್ತಿರ ಹಿಡಿದು, ಅತ್ತ ವಾಲಿಸಿ, ಇತ್ತ ವಾಲಿಸಿ ನೋಡಿದರು.

"ಏನೇ ಇದು, ಅಕ್ಷರದ ಸುತ್ತ ಕಸ?"

"ಬಳ್ಳಿ ಟೀಚರ್... ಬೇಲೂರಿಂದು."

"ತೆಗಿ ಅದನ್ನ."

ನನಗೆ ಸಿಟ್ಟು ನೆತ್ತಿಗೇರಿತು. ಎರಡು ತಿಂಗಳ ಕೆಲಸ ಕಸವಾಯಿತೇ? "ಹಾಗಾದ್ರೆ ದೊಡ್ಡ ಅಕ್ಷರಾನೂ ತೆಗೆದುಬಿಡ್ತೀನಿ ಬಿಡಿ," ಅಂದೆ.

"ಅಯ್ಯೋ, ಅದನ್ನ ತೆಗೀಬೇಡ ಕಣೇ!" ನನ್ನ ಮಣಿಕಟ್ಟು ಹಿಡಿದುಕೊಂಡರು. "ಮಿಕ್ಕಿದ್ದು ಯಾವುದೂ ಕಾಣಲ್ಲ ಈಗ. ದೊಡ್ದು ಒಂದು ಕಂಡ್ರೆ ಯಾವ ಅಧ್ಯಾಯ ಅಂತ ಗೊತ್ತಾಗುತ್ತೆ. ಮುಂದಿಂದು ಬಾಯಲ್ಲೇ ಇದೆ. ಅದಕ್ಕೇ ತಾನೇ ಬೇರೆ ಬೇರೆ ಮಾಡಿಸಿದ್ದು."

ಅಲ್ಲೇ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಬಳ್ಳಿ ಅಳಿಸೋಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಮೂರು ಸಾಲಿನ ಅಕ್ಷರವನ್ನು ಪರದೆಯ ತುಂಬ ನಿಲ್ಲಿಸಿದೆ, ಬಿಳಿಯ ಮೇಲೆ ಬರೀ ಕಪ್ಪು. ಮತ್ತೆ ಅವರ ಫೋನಿಗೆ ಹಾಕಿಕೊಟ್ಟೆ.

ಟೀಚರ್ ಫೋನನ್ನು ಮೂಗಿನ ಹತ್ತಿರ ತಂದರು. "ಬಾ," ಅಂದರು, ಮುಖ ಅರಳಿತು. "ಬಾಗಿಲೇ ಇರಲಿಲ್ಲ ನಮ್ಮ ಸ್ಕೂಲಿಗೆ..."

ಅಧ್ಯಾಯ ಪೂರ್ತಿ ಹೇಳಿದರು. ಅವರು ಹೇಳಿದ್ದನ್ನು ನಾನು ಲ್ಯಾಪ್‌ಟಾಪಿನಲ್ಲಿ ನೋಡುತ್ತಾ ಹೋದೆ, ಒಂದು ಮಾತೂ ತಪ್ಪಿರಲಿಲ್ಲ. ಅಷ್ಟು ಹೊತ್ತು ನಾನು ಕೂತ ಜಾಗದಿಂದ ಏಳಲಿಲ್ಲ. ನಾನು ವಾರದಲ್ಲೇ ಕೊಟ್ಟಿದ್ದರೆ ಮಿಕ್ಕಿದ್ದೂ ಕಾಣುತ್ತಿತ್ತೇ ಅಂತ ಕೇಳಬೇಕಿತ್ತು. ಇವತ್ತಿಗೂ ಕೇಳಿಲ್ಲ.