ಅತ್ತಿ ಹೇಳದ ಸುಳ್ಳು

ಸಂಜೆಯಿಂದ ಕೈಯಲ್ಲಿ ಬನ್ನಿ ಎಲೆಯ ಒಗರು ವಾಸನೆ. ಎಷ್ಟು ತೊಳೆದರೂ ಹೋಗುತ್ತಿಲ್ಲ.

ದುಂಡಸಿಯ ನನ್ನ ತವರುಮನೆಗೆ ದಸರೆಯಲ್ಲಿ ಹಳೆಯ ಸಿಟ್ಟು ಮರೆತು, ಬಂಗಾರವೆಂದು ಬನ್ನಿ ಎಲೆ ಕೊಡಲು ಊರೇ ಬರುತ್ತಿತ್ತು. ಮದುವೆಯಾಗದೆ ಉಳಿದಿದ್ದ ನನ್ನ ಸೋದರತ್ತಿ ಗಂಡಸರಿಗೆಲ್ಲ, "ಅಣ್ಣಾರ, ಬಂಗಾರ ತಗೋರಿ" ಎನ್ನುತ್ತಿದ್ದಳು. ಎದುರುಮನೆಯ ಯಜಮಾನರು ಹೆಂಡತಿಯೊಡನೆ ಬಂದಾಗ ಮಾತ್ರ ಬರಿ "ಬಂಗಾರ ತಗೋರಿ."

"ಅವರಿಗ್ಯಾಕ ಅಣ್ಣಾರ ಅನ್ನಂಗಿಲ್ಲ, ಅತ್ತಿ?" ಎಂದು ಒಮ್ಮೆ ಕೇಳಿದೆ.

ಅತ್ತಿ ದೇವರ ಜಗಲಿಯತ್ತ ನೋಡಿದಳು. "ಸಿಟ್ಟು ಯಾವಾಗೋ ಬಿಟ್ಟೇನಿ ಯವ್ವಾ. ದೇವರ ಮುಂದ ಸುಳ್ಳು ಹ್ಯಾಂಗ ಹೇಳ್ಲಿ?"

ಅರ್ಥವಾಗದೆ ನಕ್ಕಿದ್ದೆ.

ಇವತ್ತು ಶಿಗ್ಗಾಂವದ ನನ್ನ ಮನೆಗೆ, ಒಂದು ಕಾಲಕ್ಕೆ ನಾನು ಮನಸಿಟ್ಟಿದ್ದ, ನನ್ನನ್ನು ಒಲ್ಲೆ ಎಂದಿದ್ದವನು ಹೆಂಡತಿ ಮಕ್ಕಳೊಡನೆ ಬಂದಿದ್ದ. ಏನೂ ಅರಿಯದ ನನ್ನ ಗಂಡ, "ಅಣ್ಣಾರಿಗೆ ಬನ್ನಿ ಕೊಡು" ಎಂದರು.

ಎಲೆ ಮುಂದೆ ಹಿಡಿದು, ಬರಿ "ಬಂಗಾರ ತಗೋರಿ" ಎಂದೆ.