ಐಸಿನ ಅಡಿಯ ಬಂಗುಡೆ

ಒಂದು ಸೆಮಿಸ್ಟರ್ ಓದಲೆಂದು ಜರ್ಮನಿಗೆ ಹೋಗಿ ತಿಂಗಳಾದರೂ ತಾಜಾ ಮೀನು ಕಂಡಿರಲಿಲ್ಲ. ಹಾಗಾಗಿ ಅಂಗಡಿಯೊಂದರಲ್ಲಿ ಐಸಿನ ಮೇಲೆ ಬಂಗುಡೆ ಕಂಡದ್ದೇ ತಡ, ಕೈ ತನ್ನಷ್ಟಕ್ಕೆ ಹೋಗಿ ಕಿವಿರು ಎತ್ತಿತು. ಗಂಗೊಳ್ಳಿಯಲ್ಲಿ ಮೀನು ಮಾರುವವಳ ಮಗಳು ನಾನು. ಕಿವಿರು ಕೆಂಪಗಿದ್ದರೇ ಮೀನು ತಾಜಾ; ಅದನ್ನು ನೋಡದೆ ಕೊಂಡು ಗೊತ್ತಿಲ್ಲ.

ಅಂಗಡಿಯವನು ಮುಟ್ಟಬಾರದೆಂಬ ಬೋರ್ಡು ತೋರಿಸಿದ. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಪೊಲೀಸು, ವೀಸಾ ಎಲ್ಲ ಕಣ್ಮುಂದೆ ಬಂತು. "ಕೆಂಪಿಲ್ಲ" ಎಂದೆ, ಬಾಯಿಗೆ ಬಂದ ಜರ್ಮನ್ ಅಷ್ಟೇ. ಅವನು ಬಗ್ಗಿ ನೋಡಿದ. ಅದನ್ನು ಬದಿಗಿಟ್ಟು, ಐಸಿನ ಅಡಿಯಿಂದ ಇನ್ನೊಂದು ತೆಗೆದು ತಾನೇ ಕಿವಿರು ಎತ್ತಿ ತೋರಿಸಿದ. ದಾಸವಾಳದಂತೆ ಕೆಂಪಿತ್ತು. ಹೋದ ಜೀವ ಬಂದಂತಾಯಿತು.

ಸಂಜೆ ಫೋನಿನಲ್ಲಿ ಅಮ್ಮನಿಗೆ ಅವನ ಮೋಸವನ್ನು ವರದಿ ಮಾಡಿದೆ.

"ಅವ್ನಿಗೆ ಬೈಬ್ಯಾಡ ಮಗಾ," ಎಂದಳು ಅಮ್ಮ. "ನಿನ್ನೆ ಮೀನ್ ಮೇಲೆ, ಇವತ್ತಿಂದ್ ಕೆಳ್ಗೆ. ನಾನೂ ಹಂಗೇ ಇಡುದ್."