‘ಸುಲಭ’ ಹಾದಿಯನ್ನು ಸವರಿದ್ದು ಯಾರು?

ಹೊಳೆದಂಡೆಯಲ್ಲಿ ಹೊಸದಾಗಿ ನೆಟ್ಟ ಆ ಹಲಗೆಯ ಮೇಲೆ ‘ಸುಲಭ’ ಅಂತ ಒಂದೇ ಮಾತು ಬರೆದು ಬಿಟ್ಟಿದ್ದರೆ ಎಂಗ್ರಾಸಿಯ ಹೇಗೋ ಹಲ್ಲು ಕಚ್ಚಿಕೊಂಡು ಸುಮ್ಮನಾಗುತ್ತಿದ್ದಳೇನೋ. ವನದ ಕಚೇರಿಯವರು ಅಷ್ಟಕ್ಕೇ ನಿಲ್ಲಿಸಲಿಲ್ಲವಲ್ಲ! ‘ಹಗ್ಗದ ಹಾದಿ. ನಾಲ್ಕು ಕಿಲೋಮೀಟರ್. ಸುಲಭ. ಮಗುವಿನ ತಳ್ಳುಗಾಡಿಯೂ ಹೋಗುತ್ತದೆ. ಸಹಜವಾಗಿಯೇ ಸಮತಟ್ಟಾದ ದಾರಿ.’

ಸಹಜವಾಗಿಯೇ!

ಜನವರಿಯ ಚಳಿಯಲ್ಲಿ ಎಬ್ರೆ ನದಿಯ ದಂಡೆಯಲ್ಲಿ ನಿಂತು ಅವಳು ಆ ಹಲಗೆಯನ್ನು ಮೂರು ಸಲ ಓದಿದಳು. ಆಮೇಲೆ ನೆಟ್ಟಗೆ ಅಲ್ಬೆರೆದ ಊರಿನ ಚೌಕಕ್ಕೆ ಬಂದು, ಬ್ಲಾಯ್‌ನ ಬಾರಿನ ಕಟ್ಟೆಯ ಮೇಲೆ ಕುಡುಗೋಲನ್ನು ಕುಕ್ಕಿದಳು. ಬ್ಲಾಯ್ ಅವಳ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಅವಳನ್ನು ಕೆಣಕುವ ಹಕ್ಕು ಊರಲ್ಲಿ ಅವನೊಬ್ಬನಿಗೇ ಇದೆ.

“ಏನೇ, ಹಗ್ಗದವರ ಮನೆಯವಳೇ, ಬೆಳಬೆಳಗ್ಗೆ ಯಾರ ತಲೆ ತೆಗಿಯೋಕೆ ಬಂದೆ?”

“ಹಲಗೆ ಬರೆದವನ ತಲೆ. ಸಹಜವಾಗಿ ಸಮತಟ್ಟಂತೆ!”

“ನಿನ್ನ ಹೆಸರು ಹಾಕಿಲ್ಲ ಅಂತ ಹೊಟ್ಟೆ ಉರೀತಾ?”

“ಹೆಸರು ಯಾವನಿಗೋ ಬೇಕು! ಇಪ್ಪತ್ತಾರು ವರ್ಷ ಮುಳ್ಳು ಕಿತ್ತಿದ್ದೀನಿ ಕಣೋ. ಆ ಹಾದಿ ಏನು ಮಳೆಗೆ ಹುಟ್ಟಿದ ಅಣಬೆನಾ, ತಾನಾಗೇ ಎದ್ದು ಬರೋಕೆ?”

ಬ್ಲಾಯ್ ನಕ್ಕು ಕಾಫಿ ಇಟ್ಟ. ಅವಳು ಮುಟ್ಟಲಿಲ್ಲ. ಅವನ ನಗು ಅಲ್ಲಿಗೇ ನಿಂತಿತು.

ಹೊರಗಿನವರಿಗೆ ಇದು ಒಂದು ಪದದ ಜಗಳ ಅನ್ನಿಸಬಹುದು. ಊರಿನವರಿಗೆ ಹಾಗನ್ನಿಸುವುದಿಲ್ಲ. ರೈಲು ಬರುವುದಕ್ಕೆ ಮುಂಚೆ ಎಬ್ರೆಯ ಮೇಲೆ ಸರಕಿನ ದೋಣಿಗಳು ಓಡಾಡುತ್ತಿದ್ದವು. ಹೊಳೆಗೆ ಎದುರಾಗಿ ಹೋಗಬೇಕಾದಾಗ ಗಾಳಿ ಬೀಸದಿದ್ದರೆ ದೋಣಿಗೆ ಹಗ್ಗ ಕಟ್ಟಿ, ಹಗ್ಗವನ್ನು ಭುಜಕ್ಕೆ ಹಾಕಿ, ಗಂಡಸರು ದಂಡೆಯ ಮೇಲೆ ಎಳೆದುಕೊಂಡು ನಡೆಯುತ್ತಿದ್ದರು. ಎಂಗ್ರಾಸಿಯಳ ಅಜ್ಜ ಹಾಗೆ ಎಳೆದವನು. ಅದಕ್ಕೇ ಅವಳ ಮನೆ ‘ಹಗ್ಗದವರ ಮನೆ’. ಅವಳ ಅಡ್ಡಹೆಸರು ದೆಸ್ಕಾರ್ರೆಗ ಅಂತ ಅಂಚೆಯವನಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಆ ಹಾದಿಯ ಕೊನೆಯಲ್ಲಿ, ಹೊಳೆ ತಿರುಗುವ ಕಡೆ, ಒಂದು ಬಂಡೆ ಇದೆ. ತಲೆಮಾರುಗಟ್ಟಲೆ ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬೆರಳು ಹೂತುಹೋಗುವಷ್ಟು ಗೀರುಗಳು ಬಿದ್ದಿವೆ.

ದೋಣಿಗಳು ನಿಂತವು, ಹಾದಿ ಮುಚ್ಚಿತು. ಆಳೆತ್ತರ ಮುಳ್ಳು. ಇಪ್ಪತ್ತಾರು ವರ್ಷದ ಹಿಂದೆ ಎಂಗ್ರಾಸಿಯ ಊರಾಚೆಯ ಶೆಡ್ಡಿನಲ್ಲಿ ಪೀಚ್ ಹಣ್ಣು ಆರಿಸಿ ಪೆಟ್ಟಿಗೆಗೆ ತುಂಬುವ ಕೆಲಸದಲ್ಲಿದ್ದಳು. ಅವಳ ಅಪ್ಪ ಸೊಂಟ ಹೋಗಿ ಗಾಲಿಕುರ್ಚಿಗೆ ಬಿದ್ದಿದ್ದ. ಒಂದು ದಿನ ಅವನು ಊಟದ ಮಧ್ಯೆ, “ಸಾಯೋ ಮುಂಚೆ ಆ ಬಂಡೆ ಒಂದು ಸಲ ಮುಟ್ಟಬೇಕಿತ್ತು ಕಣವ್ವ,” ಅಂದ. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಅವಳು ಕುಡುಗೋಲು ಎತ್ತಿದಳು. ಎರಡು ಚಳಿಗಾಲ, ಶೆಡ್ಡಿನ ಕೆಲಸ ಮುಗಿಸಿ ಬಂದು, ಬೆಳಕು ಇರುವಷ್ಟು ಹೊತ್ತು ಕಡಿದಳು. ಗಾಲಿಕುರ್ಚಿಯ ಅಗಲ, ಅದರ ಮೇಲೆ ಎರಡು ಗೇಣು. ಅದೇ ಅಳತೆ. ಗುಂಡಿ ಇದ್ದ ಕಡೆ ಹೊಳೆಯ ಸಣ್ಣ ಕಲ್ಲು ತಂದು ತುಂಬಿದಳು. ಮೂರನೇ ವಸಂತದಲ್ಲಿ ಅಪ್ಪನನ್ನು ತಳ್ಳಿಕೊಂಡು ಹೋದಳು. ಮುದುಕ ಗೀರಿನೊಳಗೆ ಬೆರಳಿಟ್ಟು ಮಧ್ಯಾಹ್ನದವರೆಗೂ ತೆಗೆಯಲಿಲ್ಲ.

ಈಗ ಹೇಳಿ, ಮಗುವಿನ ತಳ್ಳುಗಾಡಿ ಅಲ್ಲಿ ಯಾಕೆ ಹೋಗುತ್ತದೆ?

ಅಪ್ಪ ಹೋದಮೇಲೂ ಅವಳು ಬಿಡಲಿಲ್ಲ. ಆ ದಂಡೆಯನ್ನು ಸಂರಕ್ಷಿತ ವನ ಮಾಡಬೇಕು ಅಂತ ಮೊದಲು ಸಹಿ ಹಾಕಿದವರಲ್ಲಿ ಅವಳೂ ಒಬ್ಬಳು. ವನ ಆಯಿತು, ಹಕ್ಕಿಗಳು ಬಂದವು, ನೀರುನಾಯಿಯೂ ಬಂತು. ಅದಕ್ಕೆ ತಕ್ಕಂತೆ ಅವಳೇ ತನ್ನ ಕ್ರಮ ಬದಲಿಸಿಕೊಂಡಳು. ಫೆಬ್ರವರಿ ಎರಡಕ್ಕೆ, ಮೇಣದಬತ್ತಿ ಹಬ್ಬದ ದಿನ, ಕುಡುಗೋಲು ಮಸೆಯುವುದು. ಮಾರ್ಚಿನಲ್ಲಿ ಸಂತ ಜೋಸೆಫನ ದಿನ ದೊಡ್ಡ ಕೆಲಸ ಮುಗಿಸಿಬಿಡುವುದು. ಆಮೇಲೆ ಪ್ರತಿ ಗುರುವಾರ, ಹಾದಿಗೆ ಚಾಚಿದ ಮುಳ್ಳುಬಳ್ಳಿಯ ತುದಿ ಮಾತ್ರ. ನೆಲದ ಕಡೆಯದು ಕಡಿಯಬೇಕು, ನೀರಿನ ಕಡೆಯ ಜೊಂಡಿಗೆ ಕೈ ಹಚ್ಚಬಾರದು. ಅಲ್ಲಿ, ಹೊಳೆಯ ಮೇಲೆ ಬಾಗಿದ ವಿಲ್ಲೋ ಮರಗಳ ತುದಿಗೆ, ಹೆಬ್ಬೆರಳಿನಷ್ಟು ಹಕ್ಕಿಯೊಂದು ಮರಗಳಿಂದ ಉದುರುವ ಹತ್ತಿಯಂಥ ನಾರಿನಲ್ಲಿ ಗೂಡು ನೇಯುತ್ತದೆ. ಗೀಜಗನ ಗೂಡಿನ ಹಾಗೆಯೇ ಜೋತಾಡುತ್ತದೆ, ಆದರೆ ಉಣ್ಣೆಯ ಕಾಲುಚೀಲದಷ್ಟು ಮೆತ್ತಗೆ. ಊರವರು ಅದನ್ನು ‘ನೇಕಾರ’ ಅಂತಾರೆ.

ಹಲಗೆ ಬಂದ ವಾರದಲ್ಲೇ ಕಾಗದವೂ ಬಂತು. ‘ಅನುಮತಿಯಿಲ್ಲದೆ ವನದೊಳಗೆ ಸಸ್ಯ ಕತ್ತರಿಸುತ್ತಿರುವುದು ಗಮನಕ್ಕೆ ಬಂದಿದೆ. ಹಕ್ಕಿಗಳ ಹಿತದೃಷ್ಟಿಯಿಂದ ಕೂಡಲೇ ನಿಲ್ಲಿಸತಕ್ಕದ್ದು.’ ಕೆಳಗೆ ಅರ್ಕಾದಿಯ ಸಹಿ. ಅರ್ಕಾದಿ ವನದ ಕಚೇರಿಗೆ ಆರು ತಿಂಗಳ ಹಿಂದೆ ಬಂದ ಹುಡುಗ. ಕೆಟ್ಟವನಲ್ಲ. ಓದಿದವನು.

ಅವಳು ಕಾಗದ ಹಿಡಿದು ಕಚೇರಿಗೆ ಹೋದಳು.

“ಅಪ್ಪಾ ಮಗನೇ, ಆ ಹಾದಿ ನಡೆದು ನೋಡಿದ್ದು ಯಾವಾಗ ನೀನು?”

“ನವೆಂಬರಲ್ಲಿ, ಅಮ್ಮಾ. ಎರಡು ಸಲ ನಡೆದು ಅಳೆದಿದ್ದೀನಿ. ಒಂದು ಮುಳ್ಳೂ ಇರಲಿಲ್ಲ, ತುಂಬಾ ಸಲೀಸಾಗಿತ್ತು.”

“ಯಾಕಿರಲಿಲ್ಲ ಅಂತ ಕೇಳ್ಕೊಂಡ್ಯಾ?”

“ಅಂದ್ರೆ... ಹೊಳೆ ದಂಡೆ ಹಾಗೇ ಇರತ್ತಲ್ಲ?”

“ಹಾಗೇ ಇರತ್ತಾ! ಅಯ್ಯೋ ಮಂಕೇ, ಗುಡಿಸಿದ ಮನೆ ನೋಡಿ ಈ ಮನೆಯಲ್ಲಿ ಕಸಾನೇ ಹುಟ್ಟಲ್ಲ ಅಂದಂಗಾಯ್ತು!”

ಅವನ ಕಿವಿ ಕೆಂಪಾಯಿತು. ಆದರೂ, “ನಿಯಮ ಎಲ್ರಿಗೂ ಒಂದೇ ಅಮ್ಮಾ. ನಿಮಗೇನಾದ್ರೂ ಆದ್ರೆ ವಿಮೆಯೂ ಇಲ್ಲ. ಅರ್ಜಿ ಹಾಕಿ, ಮೇಲಿನವರು ನೋಡ್ತಾರೆ,” ಅಂದ. ಅವಳು ಅಲ್ಲೇ ಕೂತು ಅರ್ಜಿ ಬರೆದು ಕೊಟ್ಟಳು. ಮೇಲಿನವರು ನೋಡಲಿಲ್ಲ.

ಮೇಣದಬತ್ತಿ ಹಬ್ಬ ಬಂತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕುಡುಗೋಲು ಮಸೆಯುವ ಸದ್ದು ಹಗ್ಗದವರ ಮನೆಯಿಂದ ಕೇಳಲಿಲ್ಲ. “ಕದ್ದು ಹೋಗಿ ಕಡಿಯೇ, ಯಾರು ನೋಡ್ತಾರೆ?” ಅಂದ ಬ್ಲಾಯ್. “ನಾನೇನು ಕಳ್ಳಿನಾ? ನಿಲ್ಲಿಸು ಅಂದ್ರು, ನಿಲ್ಲಿಸಿದ್ದೀನಿ. ನೋಡಲಿ, ಸಹಜ ಅಂದ್ರೇನು ಅಂತ ಕಣ್ಣಾರೆ ನೋಡಲಿ,” ಅಂದಳು. ಮಾತು ಖಾರವಾಗಿತ್ತು. ಆದರೆ ಗುರುವಾರ ಬಂದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಬಾಗಿಲ ಬಳಿ ನಿಂತು ಬರಿಗೈಯನ್ನೇ ಉಜ್ಜುತ್ತಿದ್ದಳು. ಒಂದು ವರ್ಷ ಬಿಟ್ಟರೆ ಬೇರು ಗಟ್ಟಿಯಾಗುತ್ತದೆ. ಎರಡು ವರ್ಷ ಬಿಟ್ಟರೆ, ಅರವತ್ತೆಂಟರ ಕೈಗೆ ಆ ಹಾದಿ ಇನ್ನೆಂದೂ ದಕ್ಕುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಅರ್ಜಿ ನೋಡದವರಿಗೆ ಗೊತ್ತಿರಲಿಲ್ಲ.

ಆ ವಸಂತದಲ್ಲಿ ಮಳೆ ಚೆನ್ನಾಗಿ ಬಿತ್ತು. ಏಪ್ರಿಲ್ ಹೊತ್ತಿಗೆ ಮುಳ್ಳು ಎರಡೂ ಕಡೆಯಿಂದ ಕೈ ಚಾಚಿ ಮಧ್ಯದಲ್ಲಿ ಹಸ್ತಲಾಘವ ಮಾಡಿಕೊಂಡಿತ್ತು. ಪಟ್ಟಣದ ದಂಪತಿ ಹಲಗೆ ನಂಬಿ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಹೋಗಿ, ಗಾಡಿಯನ್ನು ತಲೆ ಮೇಲೆ ಹೊತ್ತುಕೊಂಡು, ಮೊಣಕೈ ತುಂಬ ಗೀರಿಸಿಕೊಂಡು ವಾಪಸು ಬಂದರು. ಬ್ಲಾಯ್ ಅವರಿಗೆ ಹತ್ತಿ ಕೊಟ್ಟು, “ಸುಲಭವಾಗಿತ್ತಾ ಸ್ವಾಮಿ?” ಅಂತ ಕೇಳಿದ. ಊರೆಲ್ಲ ನಕ್ಕಿತು. ಎಂಗ್ರಾಸಿಯ ನಗಲಿಲ್ಲ. “ಪಾಪ, ಆ ಕೂಸೇನು ಮಾಡಿತ್ತು?” ಅಂದಳು.

ಹಲಗೆಯ ಉದ್ಘಾಟನೆ ಮೇ ಎರಡನೇ ಭಾನುವಾರ ಅಂತ ಗೊತ್ತಾಗಿತ್ತು. ದೊಡ್ಡ ಊರಿಂದ ವನದ ನಿರ್ದೇಶಕಿ ಬಂದು ‘ಸುಲಭ ಹಾದಿ’ಯನ್ನು ನಡೆಯಬೇಕು. ಬುಧವಾರ ಬೆಳಗ್ಗೆ ಹೊಳೆಯ ಕಡೆಯಿಂದ ಮೆಷಿನ್ನಿನ ಗುರುಗುಟ್ಟು ಕೇಳಿತು. ಎಂಗ್ರಾಸಿಯ ಒಲೆ ಆರಿಸದೆ ಓಡಿದಳು.

ಅವಳು ತಲುಪುವಷ್ಟರಲ್ಲಿ ಮುಗಿದಿತ್ತು. ಗುತ್ತಿಗೆಯ ಆಳುಗಳು ಕಳೆ ಕೊಯ್ಯುವ ಮೆಷಿನ್ ಹಿಡಿದು ಹಾದಿಯ ಎರಡೂ ಬದಿ ಬೋಳಿಸಿದ್ದರು. ನೆಲದ ಕಡೆ, ನೀರಿನ ಕಡೆ, ಎಲ್ಲ. ನಿರ್ದೇಶಕಿಯ ಫೋಟೋದಲ್ಲಿ ಹೊಳೆ ಚೆನ್ನಾಗಿ ಕಾಣಬೇಕಂತೆ. ಜೊಂಡು ಚಾಪೆಯ ಹಾಗೆ ಬಿದ್ದಿತ್ತು. ಬಾಗಿದ ವಿಲ್ಲೋ ಕೊಂಬೆಗಳು ಬುಡಕ್ಕೇ ಕಡಿಸಿಕೊಂಡು ರಾಶಿಯಾಗಿದ್ದವು. ರಾಶಿಯಲ್ಲಿ ಅವಳಿಗೆ ನೇಕಾರನ ಗೂಡು ಸಿಕ್ಕಿತು. ಒಳಗೆ ಆರು ಬಿಳಿ ಮೊಟ್ಟೆ. ಕೈಗೆ ತಣ್ಣಗೆ ತಗುಲಿದವು. ಆಚೆ ದಂಡೆಯ ಮೇಲೆ ಹಕ್ಕಿ ಸಣ್ಣದಾಗಿ, ಎಡೆಬಿಡದೆ ಕೂಗುತ್ತಿತ್ತು.

ನನ್ನ ಕುಡುಗೋಲಿನಿಂದ ಕಾಪಾಡಿದ ಹಕ್ಕಿ ಇದೇನಾ? ಅವಳ ತಲೆಯಲ್ಲಿ ಆ ಒಂದೇ ಮಾತು ಸುತ್ತುತ್ತಿತ್ತು. ಇದರ ಹಿತಕ್ಕೇನಾ ನನಗೆ ಕಾಗದ ಬರೆದಿದ್ದು?

ಭಾನುವಾರ ಚೌಕದ ಜನವೆಲ್ಲ ಹಲಗೆಯ ಮುಂದೆ ಸೇರಿತ್ತು. ನಿರ್ದೇಶಕಿ ಪ್ರಕೃತಿಯ ಬಗ್ಗೆ ಮಾತಾಡಿದಳು. ಅರ್ಕಾದಿ ಕತ್ತರಿ ಹಿಡಿದು ನಿಂತಿದ್ದ. ರಿಬ್ಬನ್ ಕತ್ತರಿಸುವ ಮುಂಚೆ ಎಂಗ್ರಾಸಿಯ ಮುಂದೆ ಬಂದು, ಗೂಡನ್ನು ಕೊಂಬೆಸಮೇತ ಹಲಗೆಯ ಕಂಬಕ್ಕೆ ಕಟ್ಟಿದಳು. ‘ಸುಲಭ’ ಅನ್ನುವ ಅಕ್ಷರದ ಪಕ್ಕದಲ್ಲೇ ಅದು ಜೋತಾಡಿತು.

“ಇದೇನಜ್ಜಿ?” ಅಂದಳು ನಿರ್ದೇಶಕಿ.

“ನಿಮ್ಮ ಫೋಟೋಗೆ ಅಡ್ಡ ಬಂದಿತ್ತಂತಲ್ಲಮ್ಮ, ಅದಕ್ಕೇ ಇದನ್ನೂ ಫೋಟೋದಲ್ಲಿ ಸೇರಿಸಿದೆ. ಒಳಗೆ ಆರಿವೆ. ಬೇಕಾದ್ರೆ ಎಣಿಸ್ಕೊಳ್ಳಿ.”

ಅವಳು ಅರ್ಕಾದಿಯ ಕಾಗದ ತೆಗೆದು ಅವನ ಕೈಗೇ ಕೊಟ್ಟಳು. “ಓದು ಮಗನೇ. ಗಟ್ಟಿಯಾಗಿ ಓದು.”

ಹುಡುಗ ಓದಿದ. ‘ಹಕ್ಕಿಗಳ ಹಿತದೃಷ್ಟಿಯಿಂದ’ ಅನ್ನುವ ಕಡೆ ಓದು ನಿಲ್ಲಿಸಿ ಗೂಡಿನ ಕಡೆ ನೋಡಿದ. ಆಮೇಲೆ ಕತ್ತರಿಯನ್ನು ನೆಲದ ಮೇಲಿಟ್ಟು, “ತಪ್ಪು ನಂದು. ಹಾದಿ ತಾನಾಗೇ ಹಾಗಿದೆ ಅಂದ್ಕೊಂಡೆ. ಇವರು ಇದ್ದಿದ್ರಿಂದ ಹಾಗಿತ್ತು. ಮೆಷಿನ್ ಕರೆಸಿದ್ದು ಮೇಲಿನವರು, ಬೇಡ ಅನ್ನೋ ಧೈರ್ಯ ನಂಗಿರಲಿಲ್ಲ,” ಅಂದ. ಅವತ್ತಿನಿಂದ ಊರು ಅವನನ್ನು ಸ್ವಲ್ಪ ಮನುಷ್ಯ ಅಂತ ಲೆಕ್ಕಕ್ಕೆ ತೆಗೆದುಕೊಂಡಿತು.

ನಿರ್ದೇಶಕಿ ಜಾಣೆ. ಕೂಡಲೇ ಮುಗುಳ್ನಕ್ಕು, ಅಜ್ಜಿಯನ್ನು ವನದ ಗೌರವ ರಕ್ಷಕಿ ಮಾಡೋಣ, ಒಂದು ಹಸಿರು ಕೋಟು ಕೊಡೋಣ ಅಂದಳು. ಜನ ಚಪ್ಪಾಳೆಗೆ ಕೈ ಎತ್ತಿತು.

“ಕೋಟು ನಿಮ್ಮ ಗುತ್ತಿಗೆದಾರನಿಗೆ ಹಾಕಿ, ದಂಡೆ ಬೋಳಿಸಿ ಅವನಿಗೇ ಚಳಿ ಹತ್ತಿರತ್ತೆ,” ಅಂದಳು ಎಂಗ್ರಾಸಿಯ. “ನಂಗೆ ಎರಡೇ ಸಾಲು ಬರೆದು ಕೊಡಿ. ನೆಲದ ಕಡೆ ನಾನು ಕಡಿಯಬಹುದು. ನೀರಿನ ಕಡೆ ಯಾರೂ ಕಡಿಯಬಾರದು. ನೀವೂ ಸೇರಿ.”

ಅಲ್ಲೇ, ಬ್ಲಾಯ್‌ನ ಜೇಬಿನಲ್ಲಿದ್ದ ಬಾರಿನ ಬಿಲ್ಲಿನ ಪುಸ್ತಕದಿಂದ ಹಾಳೆ ಹರಿದು, ಅರ್ಕಾದಿ ಬರೆದ, ನಿರ್ದೇಶಕಿ ಸಹಿ ಹಾಕಿದಳು. ಒಂದು ವರ್ಷಕ್ಕೆ ಮಾತ್ರ. ಪ್ರತಿ ವರ್ಷ ಮತ್ತೆ ಕೇಳಬೇಕಂತೆ! ತನ್ನ ಅಪ್ಪನಿಗಾಗಿ ಬಿಡಿಸಿದ ಹಾದಿಯನ್ನು ಸವರಲು ವರ್ಷಾ ವರ್ಷಾ ಕೈಯೊಡ್ಡಬೇಕಂತೆ. ಅವಳು ಹಾಳೆಯನ್ನು ಮಡಚಿ ಏಪ್ರನ್ನಿನೊಳಗೆ ಇಟ್ಟುಕೊಂಡು ಹೊರಟಳು. ಉದ್ಘಾಟನೆಯ ನಡಿಗೆಗೆ ನಿಲ್ಲಲಿಲ್ಲ.

ಹಲಗೆ ಈಗಲೂ ಅಲ್ಲೇ ಇದೆ. ‘ಸಹಜವಾಗಿಯೇ’ ಅನ್ನುವ ಪದವನ್ನು ಅರ್ಕಾದಿ ತಾನೇ ಉಜ್ಜಿ ತೆಗೆದ. ‘ಸುಲಭ’ವನ್ನು ಅಳಿಸಲು ಅವನಿಗೆ ಅಧಿಕಾರವಿಲ್ಲ. ಎಂಗ್ರಾಸಿಯ ಪ್ರತಿ ಗುರುವಾರ ಅದರ ಕೆಳಗೆ ಇದ್ದಿಲಿನಲ್ಲಿ ‘ಕಡಿಯುವವರು ಇರುವ ತನಕ’ ಅಂತ ಬರೆಯುತ್ತಾಳೆ. ಶನಿವಾರ ಯಾರೋ ಒರೆಸುತ್ತಾರೆ. ಮುಂದಿನ ಗುರುವಾರ ಮತ್ತೆ ಬರೆಯುತ್ತಾಳೆ. ನೀರಿನ ಕಡೆ ಜೊಂಡು ಸೊಂಟದೆತ್ತರ ಬಂದಿದೆ. ನೇಕಾರ ಈ ದಂಡೆಗೆ ಇನ್ನೂ ಬಂದಿಲ್ಲ. ಆಚೆ ದಂಡೆಯಲ್ಲಿ ಒಂದು ಗೂಡಿದೆ. ಅವಳು ಕೆಲಸದ ನಡುವೆ ಬೆನ್ನು ನೆಟ್ಟಗೆ ಮಾಡಿದಾಗಲೆಲ್ಲ ಅದನ್ನೇ ನೋಡುತ್ತಾಳೆ.

ನೀವೇ ಹೋಗಿ ನೋಡಿ. ಗುರುವಾರ, ಹತ್ತು ಗಂಟೆಯ ಹೊತ್ತಿಗೆ, ಬಂಡೆಯ ಹತ್ತಿರ. ಅವಳು ದುಂಡನೆಯ ದಪ್ಪ ರೊಟ್ಟಿಯ ಹೊಟ್ಟೆ ಬಗೆದು ಅದರೊಳಗೆ ಸುಟ್ಟ ಟೊಮೆಟೊ, ಬೆಳ್ಳುಳ್ಳಿ, ಉಪ್ಪುಮೀನು ತುಂಬಿ, ಮೇಲೆ ಎಣ್ಣೆ ಸುರಿದುಕೊಂಡು ತಿನ್ನುತ್ತಿರುತ್ತಾಳೆ. ನಿಮಗೂ ಅರ್ಧ ಕೊಡುತ್ತಾಳೆ, ಬೇಡ ಅನ್ನಬೇಡಿ. ಗೀರಿನೊಳಗೆ ಬೆರಳಿಟ್ಟು ನೋಡಿ. ದಾರಿ ಹೇಗಿತ್ತು ಅಂತ ಅವಳು ಕೇಳೇ ಕೇಳುತ್ತಾಳೆ. ಏನು ಬೇಕಾದರೂ ಹೇಳಿ, ‘ಸುಲಭವಾಗಿತ್ತು’ ಅಂತ ಮಾತ್ರ ಬಾಯಿ ತಪ್ಪಿಯೂ ಅನ್ನಬೇಡಿ. ಕುಡುಗೋಲು ಪಕ್ಕದಲ್ಲೇ ಇರುತ್ತದೆ. ಅದನ್ನು ಕೈಗೆ ತೆಗೆದುಕೊಂಡು ಒಂದು ಗಳಿಗೆ ಅವಳ ಜೊತೆ ಮುಳ್ಳು ಸವರಿ ಬನ್ನಿ.